ಬಡಿಯುವ ಮೊದಲು ಲೆಕ್ಕ, ಲೆಕ್ಕದ ನಂತರ ಪರೀಕ್ಷೆ



ಲೋಹಗಳನ್ನು ಬಡಿದು ತೆಳುವಾದ ಹಾಳೆ ಮಾಡಬಹುದು, ಎಳೆದು ತಂತಿ ಮಾಡಬಹುದು. ಲೋಹ ಮತ್ತು ಅಲೋಹಗಳ ಪಾಠದಲ್ಲಿ ಈ ಮಾತನ್ನು ನೀವು ಓದುತ್ತೀರಿ. ಮೊದಲನೆಯ ಗುಣ ಕುಟ್ಯತೆ, ಎರಡನೆಯದು ತನ್ಯತೆ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಅಷ್ಟಕ್ಕೇ ಪಾಠ ಮುಗಿಯಬಾರದು ಎಂಬುದು ನನ್ನ ಅಭಿಪ್ರಾಯ. ಉಪ್ಪಿನ ಹರಳನ್ನು ಬಡಿದರೆ ಪುಡಿಯಾಗುತ್ತದೆ. ತಾಮ್ರದ ತುಂಡನ್ನು ಬಡಿದರೆ ಹರಡುತ್ತದೆ. ಏಕೆ? ಎಷ್ಟು ಬಡಿದರೆ ಎಷ್ಟು ಹರಡೀತು? ಎಲ್ಲಿ ಬಿರುಕು ಬಿಟ್ಟೀತು? ಬಡಿಯುವ ಮೊದಲೇ ಅದನ್ನು ಹೇಳಲು ಸಾಧ್ಯವೇ?

ಕೊನೆಯ ಪ್ರಶ್ನೆ ಬಹಳ ಮುಖ್ಯವಾದುದು. ಲೋಹದ ಹಾಳೆಯಿಂದ ಹೊಸ ಆಕಾರವೊಂದನ್ನು ಮಾಡಬೇಕಾದಾಗ ಕಾರ್ಖಾನೆಯಲ್ಲಿ ಗಟ್ಟಿ ಉಕ್ಕಿನ ಅಚ್ಚನ್ನು ತಯಾರಿಸಿ ಹಾಳೆಯನ್ನು ಅದಕ್ಕೆ ಒತ್ತುತ್ತಾರೆ. ಹಾಳೆ ಹರಿದರೆ ಅಥವಾ ಸುಕ್ಕುಗಟ್ಟಿದರೆ ಅಚ್ಚನ್ನು ತಿದ್ದಿ ಮತ್ತೆ ಒತ್ತಿ ನೋಡುತ್ತಾರೆ. ಪ್ರತಿ ಸಲವೂ ಲೋಹ, ವಿದ್ಯುತ್ತು, ಸಮಯ ಮೂರೂ ಖರ್ಚಾಗುತ್ತವೆ. ಇದನ್ನು ಕಡಿಮೆ ಮಾಡಲು ಒಂದು ದಾರಿ ಇದೆ. ಲೋಹದೊಳಗಿನ ಹರಳುಗಳ ನಡತೆಯನ್ನು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಆ ದಾರಿ. ಇದಕ್ಕೆ ‘ಕ್ರಿಸ್ಟಲ್ ಪ್ಲಾಸ್ಟಿಸಿಟಿ’ ಮಾದರಿ ಎಂದು ಹೆಸರು.

ಹೆಸರು ಕೇಳಿ ಹೆದರಬೇಡಿ. ಕ್ರಿಸ್ಟಲ್ ಎಂದರೆ ಹರಳು ಅಥವಾ ಸ್ಫಟಿಕ. ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟರೆ ಮೊದಲಿನ ಆಕಾರಕ್ಕೇ ಮರಳುತ್ತದೆ. ಜೇಡಿಮಣ್ಣನ್ನು ಒತ್ತಿದರೆ ಒತ್ತಿದ ಆಕಾರದಲ್ಲೇ ನಿಲ್ಲುತ್ತದೆ. ಹೀಗೆ ಬಲ ತೆಗೆದ ಮೇಲೂ ಹೊಸ ಆಕಾರದಲ್ಲಿ ಉಳಿಯುವ ಗುಣವೇ ಪ್ಲಾಸ್ಟಿಸಿಟಿ. ಬಡಿಯುವ ಮೊದಲು ಲೆಕ್ಕ ಹಾಕಬೇಕು, ಲೆಕ್ಕ ಹಾಕಿದ ಮೇಲೆ ಬಡಿದು ಪರೀಕ್ಷಿಸಬೇಕು. ಇವೆರಡರಲ್ಲಿ ಒಂದನ್ನು ಬಿಟ್ಟರೂ ನಷ್ಟವೇ. ಇದೇ ನಾನು ನಿಮಗೆ ಹೇಳಹೊರಟಿರುವ ವಿಷಯ.

ತಗಡಿನಲ್ಲಿ ಹರಳುಗಳು

ಹರಳು ಎಂದೊಡನೆ ನಮಗೆ ಉಪ್ಪು, ಸಕ್ಕರೆ, ಉಂಗುರದ ಕಲ್ಲು ನೆನಪಾಗುತ್ತವೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಕೂಡ ಹರಳುಗಳಿಂದಲೇ ಆಗಿವೆ ಎಂದರೆ ನಂಬುತ್ತೀರಾ? ನಂಬಬೇಡಿ, ನೋಡಿ. ಸತು ಲೇಪಿಸಿದ ತಗಡು ಅಥವಾ ಬಕೆಟ್ಟು ನಿಮ್ಮ ಊರಿನಲ್ಲಿ ಎಲ್ಲಾದರೂ ಸಿಗುತ್ತದೆ. ಅದರ ಮೈಮೇಲೆ ಬೇರೆ ಬೇರೆ ಹೊಳಪಿನ, ಅಂಕುಡೊಂಕಾದ ಅಂಚಿನ ಚಿತ್ತಾರಗಳು ಕಾಣುತ್ತವೆಯೇ ಗಮನಿಸಿ. ಕೆಲವು ತಗಡುಗಳಲ್ಲಿ ಅವು ಬೆರಳಿನಷ್ಟು ಅಗಲವಾಗಿರುತ್ತವೆ. ಅಂಥ ಒಂದೊಂದು ತುಣುಕೂ ಸತುವಿನ ಒಂದೊಂದು ಹರಳು. ಲೋಹಶಾಸ್ತ್ರದಲ್ಲಿ ಇದನ್ನು ‘ಕಣ’ ಎನ್ನೋಣ.

ಲೋಟ, ತಟ್ಟೆ ಮಾಡುವ ಹಾಳೆಗಳಲ್ಲಿ ಕಣಗಳು ತೀರ ಚಿಕ್ಕವು, ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಕಣದ ಅಗಲ 0.05 ಮಿಲಿಮೀಟರ್ ಎಂದುಕೊಳ್ಳಿ. ಆಗ 1 ಮಿಲಿಮೀಟರ್ ಉದ್ದದಲ್ಲಿ 20 ಕಣಗಳು ಸಾಲಾಗಿ ಕೂರುತ್ತವೆ. ಉದ್ದ, ಅಗಲ, ಎತ್ತರ ಮೂರೂ 1 ಮಿಲಿಮೀಟರ್ ಇರುವ ಘನದಲ್ಲಿ ಎಷ್ಟು? 20×20×20 = 8000 ಕಣಗಳು! ಸಾಸಿವೆ ಕಾಳಿಗಿಂತ ಚಿಕ್ಕದಾದ ಲೋಹದ ತುಂಡಿನಲ್ಲಿ ಒಂದು ದೊಡ್ಡ ಊರಿನ ಜನಸಂಖ್ಯೆಯಷ್ಟು ಕಣಗಳು.

ಪ್ರತಿ ಕಣದಲ್ಲೂ ಪರಮಾಣುಗಳು ಕವಾಯತಿಗೆ ನಿಂತ ಮಕ್ಕಳಂತೆ ಸಾಲುಸಾಲಾಗಿ ಜೋಡಣೆಗೊಂಡಿರುತ್ತವೆ. ಆದರೆ ಒಂದು ಕಣದ ಸಾಲುಗಳು ಒಂದು ದಿಕ್ಕಿಗಿದ್ದರೆ, ಪಕ್ಕದ ಕಣದ ಸಾಲುಗಳು ಇನ್ನೊಂದು ದಿಕ್ಕಿಗಿರುತ್ತವೆ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಲೋಹ ಜಾರುತ್ತದೆ

ಹತ್ತು ನೋಟ್‌ಬುಕ್‌ಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನಿಂದ ಓರೆಯಾಗಿ ತಳ್ಳಿ. ಪುಸ್ತಕಗಳು ಒಂದರ ಮೇಲೊಂದು ಜಾರಿ ಕಟ್ಟಿನ ಆಕಾರ ಬದಲಾಗುತ್ತದೆ. ಒಂದು ಪುಸ್ತಕವೂ ಹರಿಯುವುದಿಲ್ಲ. ಲೋಹದ ಹರಳಿನಲ್ಲಿಯೂ ಹೀಗೆಯೇ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎವಿಂಗ್ ಮತ್ತು ರೋಸೆನ್‌ಹೇನ್ ಎಂಬ ವಿಜ್ಞಾನಿಗಳು 1899ರ ವೇಳೆಗೆ ಇದರ ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ನುಣುಪಾದ ಲೋಹವನ್ನು ಎಳೆದಾಗ ಕಣಗಳ ಮೇಲೆ ಸಣ್ಣ ಸಣ್ಣ ಗೆರೆಗಳು ಮೂಡುತ್ತಿದ್ದವು. ಪದರ ಜಾರಿದ್ದರಿಂದ ಆದ ಮೆಟ್ಟಿಲುಗಳೇ ಆ ಗೆರೆಗಳು.

ಆದರೆ ಒಂದು ಒಗಟು ಉಳಿಯಿತು. ಇಡೀ ಪದರ ಒಮ್ಮೆಲೇ ಜಾರಬೇಕಾದರೆ ಎಷ್ಟು ಬಲ ಬೇಕೆಂದು ಲೆಕ್ಕ ಹಾಕಿದಾಗ, ನಿಜವಾಗಿ ಬೇಕಾಗುವ ಬಲಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಉತ್ತರ ಬರುತ್ತಿತ್ತು. ಇದಕ್ಕೆ ಪರಿಹಾರ ಸಿಕ್ಕಿದ್ದು 1934ರಲ್ಲಿ. ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ಯೋಚಿಸಿ ಒಂದೇ ಉತ್ತರಕ್ಕೆ ಬಂದರು.

ಶಾಲೆಯ ಸಭೆಗೆ ಹಾಸುವ ದೊಡ್ಡ ಜಮಖಾನವನ್ನು ಒಂದು ಗೇಣು ಸರಿಸಬೇಕೆಂದುಕೊಳ್ಳಿ. ಇಡೀ ಜಮಖಾನವನ್ನು ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ, ಆ ಮಡಿಕೆಯನ್ನು ಕಾಲಿನಿಂದ ಇನ್ನೊಂದು ತುದಿಯವರೆಗೆ ತಳ್ಳಿಕೊಂಡು ಹೋದರೆ ಸುಲಭ. ಹರಳಿನಲ್ಲಿಯೂ ಇಂತಹ ‘ಮಡಿಕೆ’ಗಳಿವೆ. ಪರಮಾಣುಗಳ ಸಾಲೊಂದು ಅರ್ಧಕ್ಕೇ ನಿಂತಿರುವ ಈ ದೋಷಕ್ಕೆ ಡಿಸ್‌ಲೊಕೇಶನ್ ಎನ್ನುತ್ತಾರೆ. ಅದು ಸಾಗಿದಂತೆ ಪದರ ಸ್ವಲ್ಪ ಸ್ವಲ್ಪವಾಗಿ ಜಾರುತ್ತದೆ. 1956ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ತೆಳುವಾದ ಅಲ್ಯೂಮಿನಿಯಂ ಪದರದಲ್ಲಿ ಇವು ಚಲಿಸುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ನೋಡಿದರು. ಬರಿಯ ಲೆಕ್ಕದಲ್ಲಿದ್ದುದು 22 ವರ್ಷಗಳ ನಂತರ ಕಣ್ಣಿಗೆ ಕಂಡಿತು.

ಹರಳು ಎಲ್ಲ ಕಡೆಗೂ ಜಾರುವುದಿಲ್ಲ. ಅಲ್ಯೂಮಿನಿಯಂ, ತಾಮ್ರ, ಚಿನ್ನ, ಬೆಳ್ಳಿಗಳ ಹರಳಿನಲ್ಲಿ ಜಾರಲು ಅನುಕೂಲವಾದ 4 ಬಗೆಯ ಪದರಗಳಿವೆ. ಪ್ರತಿ ಪದರದಲ್ಲಿ 3 ದಿಕ್ಕುಗಳು. ಒಟ್ಟು 12 ಜಾರುದಾರಿಗಳು. ಆದ್ದರಿಂದಲೇ ಈ ಲೋಹಗಳನ್ನು ಬಡಿಯುವುದು, ಎಳೆಯುವುದು ಸುಲಭ. ಉಪ್ಪಿನ ಹರಳಿನಲ್ಲಿ ಸುಲಭದ ದಾರಿಗಳು ಕಡಿಮೆ. ಅದು ಜಾರುವ ಮೊದಲೇ ಸೀಳುತ್ತದೆ.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕು ಎನ್ನುತ್ತೇವೆ. ಲೋಹದಲ್ಲಿ ಈ ಮಾತು ನಡೆಯುವುದಿಲ್ಲ. ಒಂದೊಂದು ಕಣವೂ ಒಂದೊಂದು ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದು ಕಣ ಬೇಗ ಜಾರುತ್ತದೆ, ಇನ್ನೊಂದು ತಡವಾಗಿ ಜಾರುತ್ತದೆ. ಜೊತೆಗೆ ಪ್ರತಿ ಕಣವೂ ಅಕ್ಕಪಕ್ಕದ ಕಣಗಳಿಗೆ ಅಂಟಿಕೊಂಡಿದೆ. ಒಂದು ತನ್ನಿಷ್ಟದಂತೆ ಜಾರಿದರೆ ನಡುವೆ ಸಂದು ಬೀಳಬೇಕು. ಸಂದು ಬೀಳದೆ ಎಲ್ಲವೂ ಹೊಂದಿಕೊಂಡು ಹೋಗುವುದು ಹೇಗೆ?

ಇದನ್ನು ಲೆಕ್ಕಕ್ಕೆ ಇಳಿಸಿದವರು ಜೆಫ್ರಿ ಇಂಗ್ರಾಂ ಟೇಲರ್. ಅವರಿಗೆ ಆಧಾರವಾಗಿದ್ದುದು ಕಾನ್‌ಸ್ಟನ್ಸ್ ಎಲಂ ಎಂಬ ಲೋಹವಿಜ್ಞಾನಿಯೊಂದಿಗೆ ನಡೆಸಿದ ಪ್ರಯೋಗಗಳು. ಇಡೀ ತುಂಡೇ ಒಂದು ಹರಳಾಗಿರುವಂತೆ ಅಲ್ಯೂಮಿನಿಯಮನ್ನು ಬೆಳೆಸುವ ವಿಧಾನದಲ್ಲಿ ಎಲಂ ಪರಿಣತರಾಗಿದ್ದರು. ಅಂತಹ ತುಂಡುಗಳನ್ನು ಎಳೆದು ನೋಡಿದ ಪ್ರಯೋಗವನ್ನು ಇಬ್ಬರೂ 1923ರಲ್ಲಿ ಪ್ರಕಟಿಸಿದರು. ಸಾಮಾನ್ಯ ಅಲ್ಯೂಮಿನಿಯಂ ತುಂಡಿನಲ್ಲಿರುವ ಅಸಂಖ್ಯಾತ ಕಣಗಳು ಒಟ್ಟಾಗಿ ಹೇಗೆ ನಡೆದುಕೊಳ್ಳುತ್ತವೆ ಎಂಬ ಲೆಕ್ಕವನ್ನು ಟೇಲರ್ 1938ರಲ್ಲಿ ಮುಂದಿಟ್ಟರು. ಹೊಂದಿಕೊಂಡು ಆಕಾರ ಬದಲಿಸಬೇಕಾದರೆ ಪ್ರತಿ ಕಣದಲ್ಲೂ ಕಡಿಮೆಯೆಂದರೆ 5 ಜಾರುದಾರಿಗಳು ಕೆಲಸ ಮಾಡಬೇಕು. 12ರಲ್ಲಿ 5ನ್ನು ಎಷ್ಟು ವಿಧದಲ್ಲಿ ಆರಿಸಬಹುದು ಗೊತ್ತೇ? 792 ವಿಧ! ಅವುಗಳಲ್ಲಿ ಅತಿ ಕಡಿಮೆ ಶ್ರಮದ್ದು ಯಾವುದೆಂದು ಹುಡುಕಬೇಕು. ಅದೂ ಇಂದಿನಂತಹ ಕಂಪ್ಯೂಟರುಗಳು ಇಲ್ಲದ ಕಾಲದಲ್ಲಿ.

ಇಂದಿನ ಕ್ರಿಸ್ಟಲ್ ಪ್ಲಾಸ್ಟಿಸಿಟಿ ಲೆಕ್ಕದ ಬೇರು ಇಲ್ಲಿದೆ. ಕಣಗಳು ಯಾವ ಯಾವ ದಿಕ್ಕಿಗೆ ತಿರುಗಿವೆ ಎಂದು ಎಕ್ಸ್-ಕಿರಣ ಅಥವಾ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅಳೆಯುತ್ತಾರೆ. ಆ ಅಳತೆಯನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಸ್ವಲ್ಪ ಒತ್ತಿದಾಗ ಯಾವ ಕಣ ಯಾವ ದಾರಿಯಲ್ಲಿ ಜಾರಿತು, ಎಷ್ಟು ತಿರುಗಿತು, ಎಷ್ಟು ಗಟ್ಟಿಯಾಯಿತು ಎಂದು ಅದು ಲೆಕ್ಕ ಹಾಕುತ್ತದೆ. ಮತ್ತೆ ಸ್ವಲ್ಪ ಒತ್ತುವುದು, ಮತ್ತೆ ಲೆಕ್ಕ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಕೊನೆಯ ಆಕಾರದವರೆಗೆ ಸಾಗುತ್ತಾರೆ.

ಲೋಟಕ್ಕೆ ಬೆಳೆದ ಕಿವಿಗಳು

ಇದರಿಂದ ಏನು ಪ್ರಯೋಜನ ಎಂದು ಕೇಳುತ್ತೀರಿ. ಬಿಸಿಯೂಟದ ಹೊತ್ತಿನಲ್ಲಿ ನೀವು ಹಿಡಿಯುವ ಸ್ಟೀಲ್ ಲೋಟವನ್ನೇ ತೆಗೆದುಕೊಳ್ಳೋಣ. ಅದರ ಮೈಯಲ್ಲಿ ಬೆಸುಗೆ ಇದೆಯೇ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ. ದುಂಡನೆಯ ಚಪ್ಪಟೆ ಬಿಲ್ಲೆಯೊಂದನ್ನು ಅಚ್ಚಿನ ಬಾಯಿಯ ಮೇಲಿಟ್ಟು, ಮೇಲಿನಿಂದ ಪ್ರೆಸ್ಸಿನಲ್ಲಿ ಒತ್ತಿ ಒಳಕ್ಕೆ ಎಳೆದಾಗ ಲೋಟದ ಆಕಾರ ಬರುತ್ತದೆ. ಪ್ರೆಶರ್ ಕುಕ್ಕರಿನ ಪಾತ್ರೆ, ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನು ಕೂಡ ಇದೇ ಕ್ರಮದಲ್ಲಿ ಆರಂಭವಾಗುತ್ತವೆ.

ಬಿಲ್ಲೆ ಸರಿಯಾದ ವೃತ್ತವಾಗಿದ್ದರೆ ಲೋಟದ ಬಾಯಿ ಎಲ್ಲ ಕಡೆಯೂ ಒಂದೇ ಎತ್ತರಕ್ಕೆ ಬರಬೇಕು, ಅಲ್ಲವೇ? ಆದರೆ ಅಲ್ಯೂಮಿನಿಯಂ ಹಾಳೆಯಲ್ಲಿ ಎಷ್ಟೋ ಸಲ ಬಾಯಿಯ ಅಂಚು ಅಲೆಯಂತೆ ಏರಿಳಿದು, ಸಾಮಾನ್ಯವಾಗಿ ನಾಲ್ಕು ಕಡೆ ಉಬ್ಬಿರುತ್ತದೆ. ಎಂಜಿನಿಯರುಗಳು ಈ ಉಬ್ಬುಗಳನ್ನು ‘ಕಿವಿ’ ಎಂದೇ ಕರೆಯುತ್ತಾರೆ. ದುಂಡಗಿನ ಬಿಲ್ಲೆಗೆ ಕಿವಿ ಬಂದದ್ದು ಎಲ್ಲಿಂದ? ಕಾರಣ ಹಾಳೆ ತಯಾರಾದ ರೀತಿಯಲ್ಲಿದೆ.

ಕಬ್ಬಿನ ಹಾಲಿನ ಯಂತ್ರದಲ್ಲಿ ಕಬ್ಬು ಎರಡು ಉರುಳೆಗಳ ನಡುವೆ ಸಿಕ್ಕಿ ಚಪ್ಪಟೆಯಾಗುವುದನ್ನು ನೋಡಿದ್ದೀರಿ. ಲೋಹದ ಗಟ್ಟಿಯನ್ನೂ ಹೀಗೆಯೇ ಉರುಳೆಗಳ ನಡುವೆ ಮತ್ತೆ ಮತ್ತೆ ಹಾಯಿಸಿ ತೆಳ್ಳಗೆ ಮಾಡುತ್ತಾರೆ. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಕಾರ್ಖಾನೆಯಲ್ಲಿ ಉಕ್ಕು ಹೀಗೆ ಹಾಳೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಉರುಳೆಯ ಒತ್ತಡಕ್ಕೆ ಸಿಕ್ಕ ಕಣಗಳು ಜಾರುತ್ತಾ ಜಾರುತ್ತಾ ತಾವೂ ತಿರುಗುತ್ತವೆ. ಮೈದಾನದಲ್ಲಿ ಚೆಲ್ಲಾಪಿಲ್ಲಿಯಾಗಿ ನಿಂತಿದ್ದ ಮಕ್ಕಳು ಗಂಟೆ ಬಾರಿಸಿದೊಡನೆ ಬಹುಪಾಲು ಒಂದೇ ಕಡೆಗೆ ಮುಖ ಮಾಡಿದಂತೆ, ಹೆಚ್ಚಿನ ಕಣಗಳು ಕೆಲವೇ ದಿಕ್ಕುಗಳಿಗೆ ಒಲಿಯುತ್ತವೆ. ಹಾಗಾಗಿ ಹಾಳೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಹಿಗ್ಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಹಟ ಮಾಡುತ್ತದೆ. ಕಿವಿ ಮೂಡುವುದು ಇದರಿಂದ.

ಲೋಟದ ಎತ್ತರ 10 ಸೆಂಟಿಮೀಟರ್ ಬೇಕು, ಕಿವಿಗಳು 10.5 ಸೆಂಟಿಮೀಟರಿಗೆ ಬಂದಿವೆ ಎಂದುಕೊಳ್ಳಿ. ಮೇಲಿನ ಅರ್ಧ ಸೆಂಟಿಮೀಟರು ಕತ್ತರಿಯ ಪಾಲು. ಕತ್ತರಿಸಿದ ಚೂರನ್ನು ಮತ್ತೆ ಕರಗಿಸುತ್ತಾರೆ, ನಿಜ. ಆದರೆ ಕರಗಿಸಲು, ಎರಕ ಹೊಯ್ಯಲು, ಮತ್ತೆ ಉರುಳಿಸಲು ಶಕ್ತಿ ಬೇಕೇ ಬೇಕು.

ತಣ್ಣಗೆ ಉರುಳಿಸಿದಾಗ ಕಣಗಳಿಗೆ ಒಂದು ಬಗೆಯ ಒಲವು ಬರುತ್ತದೆ. ಅದರಿಂದ ಏಳುವ ಕಿವಿಗಳು ಉರುಳಿಸಿದ ದಿಕ್ಕಿಗೆ 45 ಡಿಗ್ರಿ ಕೋನದಲ್ಲಿರುತ್ತವೆ. ಹಾಳೆಯನ್ನು ಕಾಯಿಸಿದಾಗ ಹುಟ್ಟುವ ಹೊಸ ಕಣಗಳಿಗೆ ಇನ್ನೊಂದು ಒಲವು. ಅದರ ಕಿವಿಗಳು 0 ಮತ್ತು 90 ಡಿಗ್ರಿಯಲ್ಲಿ ಏಳುತ್ತವೆ. ಎರಡನ್ನೂ ಹದವಾಗಿ ಬೆರೆಸಿದರೆ ಒಂದರ ಉಬ್ಬು ಇನ್ನೊಂದರ ತಗ್ಗನ್ನು ತುಂಬಿ, ಬಾಯಿ ಬಹುಮಟ್ಟಿಗೆ ಸಮವಾಗುತ್ತದೆ. ಎಷ್ಟು ಉರುಳಿಸಬೇಕು, ಎಷ್ಟು ಕಾಯಿಸಬೇಕು ಎಂಬ ಹದವನ್ನು ಹುಡುಕಲು ಹರಳಿನ ಲೆಕ್ಕ ನೆರವಾಗುತ್ತದೆ.

ಚಿಕ್ಕ ಉಳಿತಾಯ, ದೊಡ್ಡ ಮೊತ್ತ

ಒಂದು ಲೋಟದಲ್ಲಿ ಉಳಿಯುವುದು ಚಿಟಿಕೆಯಷ್ಟು ಲೋಹ. ಅದಕ್ಕೆ ಇಷ್ಟೊಂದು ಶ್ರಮವೇ? ಹನಿ ಹನಿ ಗೂಡಿದರೆ ಹಳ್ಳ. ಜಗತ್ತಿನಲ್ಲಿ ಪ್ರತಿ ವರ್ಷ 10,000 ಕೋಟಿಗೂ ಹೆಚ್ಚು ಅಲ್ಯೂಮಿನಿಯಂ ಕ್ಯಾನುಗಳು ತಯಾರಾಗುತ್ತವೆ. ಹರಳನ್ನು ಅರಿತು ಗೋಡೆಯನ್ನು ತುಸು ತೆಳುವಾಗಿಸಿ, ಒಂದು ಕ್ಯಾನಿನಲ್ಲಿ ಕೇವಲ 0.1 ಗ್ರಾಂ ಲೋಹ ಕಡಿಮೆ ಮಾಡಿದರೆ ಒಟ್ಟು ಎಷ್ಟಾಯಿತು? 1 ಕೋಟಿ ಕಿಲೋಗ್ರಾಂ, ಅಂದರೆ 10,000 ಟನ್. ನೀವೇ ಗುಣಿಸಿ ನೋಡಿ. ವಿದ್ಯುದ್ವಿಭಜನೆಯಿಂದ 1 ಕಿಲೋಗ್ರಾಂ ಹೊಸ ಅಲ್ಯೂಮಿನಿಯಂ ಪಡೆಯಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಅಷ್ಟು ವಿದ್ಯುತ್ತಿನಲ್ಲಿ 10 ವ್ಯಾಟ್‌ನ ಒಂದು ಎಲ್ಇಡಿ ಬಲ್ಬು 1400 ಗಂಟೆ ಉರಿಯುತ್ತದೆ. ದಿನಕ್ಕೆ 5 ಗಂಟೆಯಂತೆ ಓದಲು ಕುಳಿತರೆ 280 ದಿನ!

ಇನ್ನೊಂದು ಉದಾಹರಣೆ ಮೆಗ್ನೀಸಿಯಂ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ, ಅಷ್ಟೇ ಮೆಗ್ನೀಸಿಯಂ 1.74 ಗ್ರಾಂ ತೂಗುತ್ತದೆ. ಇದರಿಂದ ವಾಹನ ಮಾಡಿದರೆ ಎಷ್ಟು ಹಗುರ! ಆದರೆ ಅದರ ಹರಳಿನ ರಚನೆ ಬೇರೆ. ಸಾಮಾನ್ಯ ಉಷ್ಣತೆಯಲ್ಲಿ ಸುಲಭವಾಗಿ ಜಾರುವುದು ಒಂದೇ ಬಗೆಯ ಪದರ. ಹಾಗಾಗಿ ಹಾಳೆಯನ್ನು ತಣ್ಣಗೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದರೆ ಮುಚ್ಚಿದ್ದ ಇತರ ಜಾರುದಾರಿಗಳೂ ತೆರೆದುಕೊಳ್ಳುತ್ತವೆ. ಹೆಚ್ಚು ಬಲ ಹಾಕುವುದು ಇದಕ್ಕೆ ಪರಿಹಾರವಲ್ಲ, ಹರಳನ್ನು ಅರಿಯುವುದೇ ಪರಿಹಾರ.

ಕಂಪ್ಯೂಟರ್ ಇದ್ದರೆ ಕುಲುಮೆ ಏಕೆ?

ಹಾಗಾದರೆ ಎಲ್ಲವನ್ನೂ ಕಂಪ್ಯೂಟರಿಗೇ ಬಿಟ್ಟರಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಂಪ್ಯೂಟರಿಗೆ ಲೋಹ ಗೊತ್ತಿಲ್ಲ. ನಾವು ಕೊಟ್ಟ ಅಳತೆಗಳು ಮಾತ್ರ ಗೊತ್ತು. ಕಣಗಳ ದಿಕ್ಕನ್ನು ತಪ್ಪಾಗಿ ಅಳೆದರೆ ಉತ್ತರವೂ ತಪ್ಪೇ. ಕಾರಿನ ಬಾಗಿಲಿನಂತಹ ದೊಡ್ಡ ಭಾಗದ ಒಂದೊಂದು ಕಣವನ್ನೂ ಲೆಕ್ಕ ಹಾಕುತ್ತ ಕುಳಿತರೆ ದೊಡ್ಡ ಕಂಪ್ಯೂಟರಿಗೂ ಅದು ಮುಗಿಯದ ಕೆಲಸ. ಆದ್ದರಿಂದ ಸಣ್ಣ ತುಣುಕೊಂದರ ಲೆಕ್ಕ ಮಾಡಿ, ಅದರ ಫಲಿತಾಂಶವನ್ನು ಇಡೀ ಭಾಗದ ಸರಳ ಲೆಕ್ಕಕ್ಕೆ ಜೋಡಿಸುತ್ತಾರೆ. ಇಂತಹ ಕಡೆ ಅಂದಾಜು ನುಸುಳಿಯೇ ನುಸುಳುತ್ತದೆ. ಅದು ಸರಿಯೋ ತಪ್ಪೋ ಎಂದು ತೀರ್ಪು ಕೊಡುವುದು ನಿಜವಾದ ಲೋಹದ ತುಂಡೇ.

ಇನ್ನು ಕೆಲವರು, ನಮ್ಮ ಹಿರಿಯರು ಯಾವ ಲೆಕ್ಕವನ್ನೂ ಮಾಡದೆ ಕೊಡಲಿ, ಕುಡುಗೋಲು, ಬಿಂದಿಗೆ ಮಾಡಲಿಲ್ಲವೇ ಎನ್ನುತ್ತಾರೆ. ಮಾಡಿದರು, ಬಹಳ ಚೆನ್ನಾಗಿಯೇ ಮಾಡಿದರು. ತಾಮ್ರದ ಪಾತ್ರೆ ಬಡಿಯುವವರು ನಡುನಡುವೆ ಅದನ್ನು ಕಾಯಿಸುತ್ತಾರೆ. ಬಡಿದಷ್ಟೂ ಹರಳಿನೊಳಗೆ ಮಡಿಕೆಗಳು ಹೆಚ್ಚಿ, ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಲೋಹ ಗಟ್ಟಿಯಾಗುತ್ತದೆ. ಕಾಯಿಸಿದಾಗ ಹೊಸ ಕಣಗಳು ಹುಟ್ಟಿ ಮತ್ತೆ ಮೆದುವಾಗುತ್ತದೆ. ಡಿಸ್‌ಲೊಕೇಶನ್ ಎಂಬ ಹೆಸರು ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಅವರ ಕೈಗೆ ಈ ಹದ ಗೊತ್ತಿತ್ತು. ಆದರೆ ಆ ಹದ ಒಬ್ಬರ ಕೈಯಲ್ಲೇ ಉಳಿಯುತ್ತದೆ. ಹೊಸ ಮಿಶ್ರಲೋಹ ಬಂದಾಗ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಲೆಕ್ಕಕ್ಕೆ ಇಳಿದ ಅರಿವು ಎಲ್ಲರ ಸ್ವತ್ತಾಗುತ್ತದೆ.

ಹಾಗಾಗಿ ಕುಲುಮೆಯ ಕೆಲಸ ಕೀಳು, ಕಂಪ್ಯೂಟರಿನ ಕೆಲಸ ಮೇಲು ಎಂದು ಯಾರೂ ಭಾವಿಸಬಾರದು. ನಿಮ್ಮ ತರಗತಿಯಲ್ಲಿ ಕಮ್ಮಾರರ, ಅಕ್ಕಸಾಲಿಗರ, ಗ್ಯಾರೇಜಿನವರ ಮನೆಯ ಮಕ್ಕಳಿರಬಹುದು. ಲೋಹ ಯಾವಾಗ ಗಟ್ಟಿಯಾಗುತ್ತದೆ, ಯಾವಾಗ ಕಾಯಿಸಬೇಕು ಎಂದು ಅವರು ಮನೆಯಲ್ಲೇ ನೋಡಿರುತ್ತಾರೆ. ಲೋಹದ ಪಾಠದ ದಿನ ಅವರೇ ಮೊದಲು ಮಾತನಾಡಲಿ. ಲೋಹವಿಜ್ಞಾನ ಓದಲು ಅವರಿಗಿಂತ ಹೆಚ್ಚು ತಯಾರಾದವರು ಯಾರು?

ದಾರಿಯೂ ದೂರವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರಳಿನ ದಿಕ್ಕುಗಳ ಕುರಿತು ಸಂಶೋಧನೆ ನಡೆಯುತ್ತದೆ. ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ರೂಪುಗೊಂಡ ‘ಡಾಮಾಸ್ಕ್’ ಎಂಬ ಹರಳಿನ ಲೆಕ್ಕದ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ಅದಕ್ಕೆ ಬೇಕಾಗುವ ಬಂಡವಾಳ ಗಣಿತ ಮತ್ತು ಭೌತವಿಜ್ಞಾನ. ಅದರ ಮೊದಲ ಕಂತು ನಿಮ್ಮ ಈಗಿನ ಪಠ್ಯಪುಸ್ತಕದಲ್ಲೇ ಇದೆ.

ಮಾಡಿ ನೋಡಿ

ಒಂದು ಗೇಣು ಉದ್ದದ, ಹೊದಿಕೆ ತೆಗೆದ ಹಳೆಯ ತಾಮ್ರದ ತಂತಿಯ ತುಂಡನ್ನು ಶಿಕ್ಷಕರಿಂದ ಕೇಳಿ ಪಡೆಯಿರಿ. ಗೋಡೆಯಲ್ಲಿರುವ ಅಥವಾ ವಿದ್ಯುತ್ ಹರಿಯುವ ಯಾವ ತಂತಿಯನ್ನೂ ಮುಟ್ಟಬೇಡಿ. ತುಂಡನ್ನು ಮಧ್ಯದಲ್ಲಿ ಬಗ್ಗಿಸಿ, ಅದೇ ಜಾಗದಲ್ಲಿ ಮತ್ತೆ ನೆಟ್ಟಗೆ ಮಾಡಲು ಯತ್ನಿಸಿ. ಬಾಗಿದ ಜಾಗ ನೆಟ್ಟಗಾಗಲು ಒಪ್ಪದೆ ಪಕ್ಕದಲ್ಲಿ ಬಾಗುತ್ತದೆಯೇ? ಏಕೆಂದು ಬರೆಯಿರಿ. ಎಷ್ಟು ಸಲ ಬಗ್ಗಿಸಿದರೆ ಮುರಿದೀತು ಎಂದು ಮೊದಲೇ ಊಹಿಸಿ ಬರೆದಿಟ್ಟು, ನಂತರ ಎಣಿಸಿ. ಇನ್ನೊಂದು ತುಂಡನ್ನು ಕೆಲವು ಸಲ ಬಗ್ಗಿಸಿದ ಮೇಲೆ ಶಿಕ್ಷಕರೇ ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಲಿ. ಪೂರ್ತಿ ಆರಿದ ಮೇಲೆ ಬಗ್ಗಿಸಿ ಹೋಲಿಸಿ.

ಊಹೆಗೂ ಎಣಿಕೆಗೂ ವ್ಯತ್ಯಾಸ ಬಂದರೆ ಬೇಸರ ಬೇಡ. ವ್ಯತ್ಯಾಸ ಏಕೆ ಬಂತು ಎಂದು ಯೋಚಿಸಿ, ಊಹೆಯನ್ನು ತಿದ್ದಿಕೊಂಡು ಇನ್ನೊಂದು ತುಂಡು ತೆಗೆದುಕೊಳ್ಳಿ. ನಿಮ್ಮ ಲೆಕ್ಕವನ್ನೂ ಕಾರಣವನ್ನೂ ತರಗತಿಯ ಗೋಡೆಪತ್ರಿಕೆಯಲ್ಲಿ ಬರೆದು ಹಾಕಿ.